ಬಳ್ಳಾರಿ ಬಿಸಿಲಲ್ಲಿ ಬಿಳಿ ಬೆಳಕಿನ ಹರಳು

ನಮ್ಮ ಲ್ಯಾಬ್‌ನಲ್ಲಿ ಬೆಳೆಯುವ ಹರಳಿಗೆ ಬಣ್ಣವೇ ಇಲ್ಲ. ತೆಳ್ಳನೆಯ ಸೂಜಿಗಳು, ಅಷ್ಟೇ. ಯುವಿ ಟಾರ್ಚ್ ಹಿಡಿದರೆ ಮಾತ್ರ ಸ್ವಲ್ಪ ನೀಲಿ ಬೆರೆತ ಬಿಳಿ ಬೆಳಕು ಕೊಡುತ್ತವೆ.

ಇದರಲ್ಲೇನು ವಿಶೇಷ ಅಂತ ಬಿಎಸ್ಸಿ ಹುಡುಗರು ಕೇಳುತ್ತಾರೆ. ಮನೆಯ ಎಲ್ಇಡಿ ಬಲ್ಬಿನಲ್ಲಿ ಇರುವುದು ನೀಲಿ ಚಿಪ್. ಅದರ ಮೇಲೆ ಹಳದಿ ಫಾಸ್ಫರ್, ಅಂದರೆ ನೀಲಿ ಬೆಳಕು ಹೀರಿ ಹಳದಿ ಬೆಳಕು ಕೊಡುವ ಪುಡಿ, ಬಳಿದಿರುತ್ತಾರೆ. ಎರಡೂ ಸೇರಿ ಕಣ್ಣಿಗೆ ಬಿಳಿ. ನಮ್ಮ ಹರಳಿನಲ್ಲಿ ಆ ಬೆರಕೆ ಇಲ್ಲ, ಒಂದೇ ವಸ್ತು. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೇಮಮಾಲಾ ಕರುಣಾದಾಸ ಅವರ ತಂಡ ಪದರ ಪದರವಾದ ಲೆಡ್ (ಸೀಸ) ಬ್ರೋಮೈಡ್ ಹರಳುಗಳಿಂದ ಇಂಥ ಬಿಳಿ ಬೆಳಕು ತೋರಿಸಿತು. ಆದರೆ ಹೀರಿಕೊಂಡ ನೂರು ಬೆಳಕಿನ ಕಣಕ್ಕೆ, ಅಂದರೆ ಫೋಟಾನ್‌ಗೆ ಬೆಳಕಾಗಿ ವಾಪಸ್ ಬಂದದ್ದು, ಒಳ್ಳೆಯದರಲ್ಲೂ, ಒಂಬತ್ತರಷ್ಟು. 2017ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಪದರದ ಬದಲು ಸರಪಳಿ ರಚನೆಯ ಹರಳು ಮಾಡಿ ಅದನ್ನು ಸುಮಾರು 20ಕ್ಕೆ ಏರಿಸಿತು. ನಾವು ಬೆಳೆಸುವುದು ಈ ಎರಡನೆಯದನ್ನೇ.

ಒಳಗೆ ಲೆಡ್ ಬ್ರೋಮೈಡಿನ ಸರಪಳಿ, ಸುತ್ತ ಅಮೀನ್ ಎಂಬ ಸಾರಜನಕವಿರುವ ಸಾವಯವ ಅಣುಗಳು. ಯುವಿ ಬಿದ್ದಾಗ ಎದ್ದ ಎಲೆಕ್ಟ್ರಾನ್-ಹೋಲ್ ಜೋಡಿ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ಖಾಲಿ ಜಾಗ) ತಾನು ನಿಂತ ಜಾಗವನ್ನೇ ತಗ್ಗಿಸಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ಮಳೆ ಬಿದ್ದ ಎರೆಹೊಲದಲ್ಲಿ ಕಾಲಿಟ್ಟ ಹಾಗೆ. ಸುತ್ತಲ ಅಣುಗಳು ಸದಾ ಅಲುಗಾಡುತ್ತಿರುವುದರಿಂದ ಹೊರಬರುವ ಬೆಳಕಿನ ಶಕ್ತಿ ಪ್ರತಿ ಸಲ ಒಂದೇ ಇರಲ್ಲ. ಹಾಗಾಗಿ ಒಂದು ಬಣ್ಣದ ಬದಲು ಹಲವು ಬಣ್ಣಗಳ ಅಗಲವಾದ ಪಟ್ಟಿ ಸಿಗುತ್ತದೆ, ಎಲ್ಲ ಸೇರಿ ಕಣ್ಣಿಗೆ ಬಿಳಿ.

ಮೊದಲು ಅಮೀನ್ ಉಪ್ಪು ಮಾಡಿಕೊಳ್ಳಬೇಕು. ಡೈಮೀಥೈಲ್ ಎಥಿಲೀನ್‌ಡೈಅಮೀನನ್ನು ಎಥನಾಲ್‌ನಲ್ಲಿ ಹಾಕಿ, ಬೀಕರನ್ನು ಐಸ್‌ನಲ್ಲಿಟ್ಟು, ಹೈಡ್ರೋಬ್ರೋಮಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡುತ್ತೇವೆ. ಬಿಳಿ ಉಪ್ಪು ಬರುತ್ತದೆ. ಅದನ್ನು ತೊಳೆಯುವುದು ಈಥರ್‌ನಲ್ಲಿ. ಪುಸ್ತಕ ಬರೆದವರು ಬಳ್ಳಾರಿಯ ಏಪ್ರಿಲ್ ನೋಡಿಲ್ಲ! ಈಥರ್ ಕುದಿಯುವುದು 34.6 ಡಿಗ್ರಿಗೆ. ಮಧ್ಯಾಹ್ನ ನಮ್ಮ ಲ್ಯಾಬ್ ಅದಕ್ಕಿಂತ ಬಿಸಿ. ಮುಚ್ಚಳ ತಿರುಗಿಸಿದರೆ ಬಾಟಲಿ ಬುಸ್ ಅನ್ನುತ್ತದೆ. ಅದಕ್ಕೇ ಈ ಕೆಲಸ ಬೆಳಿಗ್ಗೆ, ಬಿಸಿಲೇರುವ ಮೊದಲು. ತಂಪಿಗೆ ಅಂತ ಮನೆ ಫ್ರಿಜ್‌ನಲ್ಲಿ ಈಥರ್ ಇಡಬೇಡಿ. ಒಳಗಿನ ಒಂದು ಕಿಡಿ ಸಾಕು.

ಆಮೇಲೆ ಆ ಉಪ್ಪನ್ನೂ ಲೆಡ್ ಬ್ರೋಮೈಡನ್ನೂ ಮೋಲ್ ಲೆಕ್ಕದಲ್ಲಿ, ಅಂದರೆ ಕಣಗಳ ಎಣಿಕೆಯಲ್ಲಿ, ಸಮಸಮ ತೂಗಿ ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಬೇಕು. ಸೋಸಿ ಚಿಕ್ಕ ಶೀಶೆಗೆ ಹಾಕಿ, ಮುಚ್ಚದೆ, ಬೇಗ ಆವಿಯಾಗುವ ಡೈಕ್ಲೋರೋಮೀಥೇನ್ ದ್ರವ ಇರುವ ದೊಡ್ಡ ಬಾಟಲಿಯೊಳಗೆ ಇಳಿಸಿ, ದೊಡ್ಡದರ ಮುಚ್ಚಳ ಹಾಕುತ್ತೇವೆ. ಹೊರಗಿನ ಆವಿ ನಿಧಾನವಾಗಿ ಒಳಗಿನ ದ್ರಾವಣಕ್ಕೆ ಸೇರುತ್ತದೆ. ಕರಗಿದ್ದು ಕರಗಿಯೇ ಇರಲಾರದೆ ಹರಳಾಗುತ್ತದೆ. ಹೇಳಿದಂತೆ ನಡೆದರೆ ಒಂದು ರಾತ್ರಿಯ ಕೆಲಸ.

ಇಲ್ಲೂ ಬಿಸಿಲಿನದೇ ಕಾಟ. ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಕುದಿಯುತ್ತದೆ. ಬೇಸಿಗೆಯಲ್ಲಿ ಆವಿ ನುಗ್ಗಿಬಿಡುತ್ತದೆ, ಹರಳಿಗೆ ಬೆಳೆಯಲು ಪುರಸೊತ್ತೇ ಸಿಗಲ್ಲ. "ಸರ, ಬರೇ ಪುಡಿ ಬಂದೈತ್ರಿ" ಅಂತ ಹುಡುಗರು ಶೀಶೆ ತಂದು ತೋರಿಸುತ್ತಿದ್ದರು. ಎಸಿ ಹಾಕಿದರೆ ಆನ್ ಆಫ್ ಆಗುತ್ತಾ ತಾಪಮಾನ ಏರಿಳಿಯುತ್ತದೆ, ಕರೆಂಟ್ ಹೋದರಂತೂ ಕೇಳುವುದೇ ಬೇಡ. ಕೊನೆಗೆ ಕೈಹಿಡಿದದ್ದು ಥರ್ಮೋಕೋಲ್ ಡಬ್ಬಿ ಮತ್ತು ಒದ್ದೆ ಗೋಣಿಚೀಲ. ನಮ್ಮ ಒಣಹವೆಯಲ್ಲಿ ಗೋಣಿಯ ನೀರು ಬೇಗ ಆರುತ್ತದೆ, ಗಾಳಿಯಾಡುವ ಮೂಲೆಯಲ್ಲಿಟ್ಟರೆ ತಂಪು ಚೆನ್ನಾಗಿ ನಿಲ್ಲುತ್ತದೆ. ಡಬ್ಬಿ ದಪ್ಪ ಇರುವುದರಿಂದ ಒಳಗಿನ ತಾಪಮಾನ ಬದಲಾದರೂ ನಿಧಾನ. ಸೂಜಿಗಳು ಉದ್ದ ಬಂದವು. ಮಳೆಗಾಲದಲ್ಲಿ ಮಾತ್ರ ಗೋಣಿ ಅಷ್ಟು ಕೆಲಸ ಮಾಡಲ್ಲ.

ಟಾರ್ಚ್ ಕೊಳ್ಳುವಾಗ 365 ನ್ಯಾನೋಮೀಟರ್ ಅಂತ ಕೇಳಿ ತಗೊಳ್ಳಿ. ಅಗ್ಗಕ್ಕೆ ಸಿಗುವ 395ರದ್ದು ನೇರಳೆ ಬೆಳಕನ್ನೇ ಜಾಸ್ತಿ ಚೆಲ್ಲುತ್ತದೆ, ಇದಕ್ಕೆ ಆಗಿಬರಲ್ಲ. ಹರಳನ್ನು ನೋಟ್‌ಬುಕ್ ಹಾಳೆಯ ಮೇಲಿಟ್ಟು ನೋಡಲೂಬೇಡಿ. ಹಾಳೆಯಲ್ಲಿರುವ ಹೊಳಪಿನ ರಾಸಾಯನಿಕವೇ ಯುವಿಯಲ್ಲಿ ನೀಲಿಬಿಳಿಯಾಗಿ ಮಿನುಗಿ ಹರಳನ್ನು ಮುಚ್ಚಿಹಾಕುತ್ತದೆ. ಬಿಳಿ ಅಂಗಿಯ ದಾರದ ಎಳೆಯೂ ಹಾಗೆಯೇ. ನಾನು ಬಳಸುವುದು ವಾಚ್‌ಗ್ಲಾಸ್, ಕೆಳಗೆ ಕಪ್ಪು ರಟ್ಟು.

ಸ್ಪೆಕ್ಟ್ರಮ್, ಅಂದರೆ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಅಂತ, ಅಳೆಸಲು ಸ್ಯಾಂಪಲ್ ಬೆಂಗಳೂರಿಗೆ ಕಳಿಸುತ್ತೇವೆ. ತರಗತಿಯಲ್ಲಿ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸಲು ಹಳೇ ಡಿವಿಡಿ ಚೂರು ಸಾಕು. ಅದರಲ್ಲಿ ಎಲ್ಇಡಿ ಬಲ್ಬು ನೋಡಿದರೆ ಪ್ರಖರವಾದ ನೀಲಿ, ಪಕ್ಕದಲ್ಲಿ ಮಂಕು ಜಾಗ, ಆಮೇಲೆ ಹಸಿರು-ಹಳದಿ. ಹರಳಿನ ಬೆಳಕು ಮಂದ, ಕಿಟಕಿ ಮುಚ್ಚಿ ಕತ್ತಲು ಮಾಡಬೇಕು. ಆದರೆ ಆ ಮಂಕು ಜಾಗ ಅದರಲ್ಲಿಲ್ಲ.

ಸೀಸದ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಸೋಸಿ ಉಳಿದ ದ್ರಾವಣ ಸಿಂಕ್‌ಗೆ ಹೋಗಲ್ಲ, ಲೇಬಲ್ ಹಚ್ಚಿದ ಕ್ಯಾನ್‌ಗೆ. ಕೆಲಸವೆಲ್ಲ ಆವಿಯನ್ನು ಹೊರಗೆ ಎಳೆದುಹಾಕುವ ಫ್ಯೂಮ್ ಹುಡ್‌ನಲ್ಲೇ. ಡೈಕ್ಲೋರೋಮೀಥೇನ್ ನೈಟ್ರೈಲ್ ಗ್ಲೌಸನ್ನು ಕೆಲವೇ ನಿಮಿಷಕ್ಕೆ ದಾಟುತ್ತದೆ, ಚೆಲ್ಲಿದ ಕೂಡಲೇ ಗ್ಲೌಸ್ ಬದಲಿಸಿ. ಸೀಸದ ಬದಲು ತವರ ಹಾಕಬಹುದಲ್ವಾ ಅಂತ ಕೇಳುವವರಿದ್ದಾರೆ. ಇದೇ ಅಮೀನ್ ಜೊತೆ ತವರದ ಹರಳೂ ಆಗುತ್ತದೆ, ಬೆಳಕು ಇದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಆ ಬೆಳಕಿನ ಬಣ್ಣ ಹಳದಿ, ಮೇಲಾಗಿ ತವರ ಗಾಳಿ ತಾಗಿದರೆ ಕೆಡುತ್ತದೆ. ಅದಕ್ಕೆ ಗ್ಲೌಬಾಕ್ಸ್, ಅಂದರೆ ಹೊರಗಿನ ಗಾಳಿ ತಾಗದಂತೆ ಗ್ಲೌಸ್ ಮೂಲಕ ಕೈಯಾಡಿಸುವ ಮುಚ್ಚಿದ ಪೆಟ್ಟಿಗೆ, ಬೇಕು. ನಮ್ಮಲ್ಲಿ ಸದ್ಯಕ್ಕೆ ಇರುವುದು ಗೋಣಿಚೀಲ.