‘ಇಲ್ಲ್ ಓಲು?’: ಒಂದು ಹಾಡು ಬರೆದ ಬಗೆ

ನನ್ನದು ಹಾವೇರಿ ಕಡೆ. ಕೆಲಸಕ್ಕೆಂದು ಮಂಗಳೂರಿಗೆ ಬಂದ ಮೊದಲ ಮಳೆಗಾಲದಲ್ಲೇ ಒಂದು ಹಾಡು ಬರೆಯಲು ಕೂತೆ. ಊರು ಬಿಟ್ಟ ಸಂಕಟ, ಇಲ್ಲಿ ಯಾರಿಗೂ ಸೇರದವರ ಹಾಗೆ ಅನಿಸುವುದು, ಅದನ್ನೇ ಹೇಳಬೇಕಿತ್ತು.

ಮೊದಲ ಪ್ರತಿಯಲ್ಲಿ ‘ಒಂಟಿ’ ಎಂಬ ಪದ ಆರು ಸಲ ಇತ್ತು. ಗೆಳೆಯನೊಬ್ಬ ರಾಗ ಹಾಕಿ ಹಾಡಿದ. ಪಲ್ಲವಿಯ ಮೇಲಿನ ಸ್ವರ ಬಂದು ‘ಟಿ’ ಮೇಲೆ ನಿಂತಿತು. ‘ಇ’ಕಾರವನ್ನು ಅಷ್ಟು ಎತ್ತರದಲ್ಲಿ ಎಳೆದರೆ ಗಂಟಲು ಹಿಡಿದಂತಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ‘ಒಂಟಿ’ ಅಂತ ನಾನೇ ಹೇಳಿಬಿಟ್ಟರೆ ಕೇಳುವವರಿಗೆ ಉಳಿಯುವುದೇನು, ಅಲ್ವಾ?

ಹಾಡು ಸಿಕ್ಕಿದ್ದು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸಿನಲ್ಲಿ. ಪಕ್ಕದಲ್ಲಿ ಮೀನು ಮಾರಿ ಮನೆಗೆ ಹೊರಟಿದ್ದ ಅಜ್ಜಿ, ಕಾಲ ಬುಡದಲ್ಲಿ ಖಾಲಿ ಬುಟ್ಟಿ. ತುಳುವಿನಲ್ಲಿ ಕೇಳಿದರು: ‘ಈರೆನ ಇಲ್ಲ್ ಓಲು?’ ನನಗೆ ಗೊತ್ತಾಗಿದ್ದು ನಡುವಿನ ಒಂದೇ ಪದ. ‘ಏನು ಇಲ್ಲ ಅಜ್ಜಿ?’ ಅಂದೆ. ಅವರು ಕನ್ನಡಕ್ಕೆ ತಿರುಗಿ, ‘ಮನೆ ಎಲ್ಲಿ ಅಂತ ಕೇಳಿದ್ದು ಮಗಾ’ ಅಂದರು.

ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಅವರು ಮನೆ ಅಂದರು, ನನಗೆ ಇಲ್ಲ ಅಂತ ಕೇಳಿಸಿತು. ಇಳಿಯುವ ಸ್ಟಾಪ್ ದಾಟಿ ಹೋದರೂ ಎದ್ದೇಳಲಾಗಲಿಲ್ಲ. ರಾತ್ರಿ ಬರೆದೆ:

ಇಲ್ಲೋಲೆಂದಳು ಬುಟ್ಟಿಯ ಅಜ್ಜಿ
ಇಲ್ಲಾ ಎಂದೇ ಕೇಳಿತು ನನಗೆ
ಎಲ್ಲಿಯ ಬಾಗಿಲ ತೋರಲಿ ಅಜ್ಜೀ

ನಾಲ್ಕು ಮಾತ್ರೆಯ ನಡೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗುವುದು, ಅದನ್ನು ಹುಡುಕಬೇಕಾಗಲೇ ಇಲ್ಲ. ಇಲ್ಲ್, ಇಲ್ಲ, ಎಲ್ಲಿ, ಇಲ್ಲಿ, ಎಲ್ಲದರಲ್ಲೂ ಎರಡನೇ ಅಕ್ಷರ ಅದೇ ‘ಲ್ಲ’. ಮೇಲಿನ ಸ್ವರವನ್ನು ‘ಇಲ್ಲಾ’ದ ಆಕಾರಕ್ಕೆ ಸರಿಸಿದೆವು. ಈಗ ಬಾಯಿ ಪೂರ್ತಿ ತೆರೆಯುತ್ತದೆ.

ಒಂದು ಚರಣ ಊರಿನ ಹೆಸರುಗಳ ಮೇಲೆ. ತುಳುವರಿಗೆ ಇದು ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಇಷ್ಟು ಹೆಸರಿಗೆ ಓಗೊಡುವ ಊರು ನನ್ನ ಕರೆಗೂ ಓಗೊಟ್ಟೀತು ಎಂಬ ಆಸೆ ಅಲ್ಲಿದೆ. ಉಡುಪಿಯ ಕನಕನ ಕಿಂಡಿಯನ್ನೂ ತರಬೇಕು ಅನಿಸಿತ್ತು. ಕನಕದಾಸರು ನಮ್ಮ ಕಡೆಯ ಬಾಡದವರಲ್ವಾ. ಆದರೆ ಅಷ್ಟು ದೊಡ್ಡ ಚಿತ್ರ ಬಂದರೆ ಅಜ್ಜಿಯ ಬುಟ್ಟಿ ಕಾಣದೇ ಹೋಗುತ್ತದೆ. ಬಿಟ್ಟೆ.

‘ಘಟ್ಟದ ಮೇಲಿನವರೆಂದು ನಮ್ಮನ್ನು ನೋಯಿಸಿದಿರಿ, ದೂರ ಇಟ್ಟಿರಿ’ ಎನ್ನುವಂಥ ಸಾಲುಗಳನ್ನೆಲ್ಲ ಹೊಡೆದು ಹಾಕಿದೆ. ಕೇಳಿದವರು ಪ್ರೀತಿಯಿಂದಲೇ ಕೇಳಿದ್ದರು. ಉತ್ತರ ನನ್ನ ಹತ್ತಿರ ಇರಲಿಲ್ಲ, ಅಷ್ಟೇ. ಹಾಡಿನ ನೋವು ಅಲ್ಲಿದೆ.

ಕೊನೆಯ ಸಾಲು ತುಂಬಾ ದಿನ ಖಾಲಿ ಇತ್ತು. ಈಗ ಯಾರಾದರೂ ಮನೆ ಎಲ್ಲಿ ಅಂತ ಕೇಳಿದರೆ ‘ಮುಲ್ಪನೇ’ ಅನ್ನುತ್ತೇನೆ, ಇಲ್ಲಿಯೇ ಅಂತ. ಅದನ್ನೇ ಅಲ್ಲಿ ಬರೆದೆ. ‘ಲ್ಪ’ ಬಂದು ಪ್ರಾಸ ತಪ್ಪುತ್ತದೆ. ತಿದ್ದಿಲ್ಲ.