ಬೂದು ಕಲ್ಲು ಫೋನಿನಲ್ಲಿ ನೀಲಿಯಾಗದಂತೆ: ಚಿತ್ರವನ್ನು ಫೈಲ್ ಮಾಡುವ ಬಗೆ

ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನವನ್ನು ಎ3 ಹಾಳೆಯಲ್ಲಿ ಜಲವರ್ಣದಲ್ಲಿ ಬರೆದಿದ್ದೀರಿ ಅನ್ನಿ. ಹಾಳೆಯಲ್ಲಿ ಬೂದಾಗಿರುವ ಕಲ್ಲು ನೆರಳಿನಲ್ಲಿ ತೆಗೆದ ಫೋಟೊದಲ್ಲಿ ನೀಲಿಯಾಗಿ ಕಾಣುತ್ತದೆ. ನೆರಳಿನ ಜಾಗಕ್ಕೆ ಬರುವುದು ಆಕಾಶದ ಬೆಳಕು, ಅದರಲ್ಲೇ ನೀಲಿ ಇದೆ. ಹಾಗಂತ ಬಿಸಿಲಿಗೆ ತಂದರೆ ಕಾಗದದ ತರಿಯೆಲ್ಲ ನೆರಳು ಬಿಟ್ಟು ಚಿತ್ರ ಒರಟಾಗುತ್ತದೆ. ನೆರಳಿರುವ ಜಗಲಿಯೇ ವಾಸಿ, ನೀಲಿಯನ್ನು ಆಮೇಲೆ ತೆಗೆಯಬಹುದು. ಮನೆಯೊಳಗಿನ ಲೈಟು ಮಾತ್ರ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿಯಾಗುತ್ತದೆ, ಅದನ್ನು ಸರಿಪಡಿಸುವುದು ದೊಡ್ಡ ತಲೆನೋವು.

ಚಿತ್ರವನ್ನು ಗೋಡೆಗೆ ಅಂಟಿಸಿ, ಫೋನನ್ನು ಟ್ರೈಪಾಡಿಗೆ ಹಾಕಿ. ಚಿತ್ರದ ನಡುವೆ ಪುಟ್ಟ ಕನ್ನಡಿಯೊಂದನ್ನು ಗೋಡೆಗೆ ಒತ್ತಿ ಹಿಡಿಯಿರಿ. ಸ್ಕ್ರೀನಿನ ನಟ್ಟನಡುವೆ ಫೋನಿನ ಲೆನ್ಸೇ ಕಂಡರೆ ಎರಡೂ ಸಮಾನಾಂತರವಾಗಿವೆ. ಕಾಣದಿದ್ದರೆ ಗೋಪುರ ಒಂದು ಕಡೆ ವಾಲುತ್ತದೆ. ಅಲ್ಟ್ರಾವೈಡ್ ಲೆನ್ಸ್ ಬೇಡ, ಅಂಚು ಬಾಗುತ್ತದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ 100 ಮೀರಬಾರದು, ಟೈಮರ್ 2 ಸೆಕೆಂಡಿಗಿರಲಿ.

ಪಕ್ಕದಲ್ಲಿ ಒಂದು ಗ್ರೇ ಕಾರ್ಡ್ (ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ರಟ್ಟು) ಇಟ್ಟೇ ಫೋಟೊ ತೆಗೆಯಿರಿ. ಫೋಟೊ ತಿದ್ದುವ ಆ್ಯಪ್ ಸ್ನ್ಯಾಪ್‌ಸೀಡ್‌ನ ವೈಟ್ ಬ್ಯಾಲೆನ್ಸ್‌ನಲ್ಲಿ ಬಣ್ಣ ಆರಿಸುವ ಪಿಕ್ಕರನ್ನು ಆ ಕಾರ್ಡಿನ ಮೇಲೆ ಇಟ್ಟರೆ ಕಲ್ಲು ಮತ್ತೆ ಬೂದಾಗುತ್ತದೆ. ಕಾರ್ಡಿನ ಬದಲು ಜೆರಾಕ್ಸ್ ಹಾಳೆ ಇಡುವವರು ಬಹಳ ಮಂದಿ. ಆ ಹಾಳೆಗೆ ಬೆಳ್ಳಗೆ ಕಾಣಲೆಂದು ಸೇರಿಸುವ ರಾಸಾಯನಿಕ ತಾನೇ ನೀಲಿ ಸೂಸುತ್ತದೆ. ಅದನ್ನೇ ಬಿಳಿ ಎಂದು ತೋರಿಸಿದರೆ ಚಿತ್ರವೆಲ್ಲ ಹಳದಿಗೆ ತಿರುಗುತ್ತದೆ.

ಇನ್ನು ಅಳತೆ. ಎ3 ಅಳತೆಯಲ್ಲಿ 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಮುದ್ರಣಕ್ಕೆ 3508×4961 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನು ಕೊಡುವುದು 3000×4000, ಅಂದರೆ 240ರ ಆಸುಪಾಸು. ಗೋಡೆಗೆ ಹಾಕಲು ಅಷ್ಟು ಸಾಕು. ಸಣ್ಣ ಗೆರೆಯ ಪೆನ್ ಡ್ರಾಯಿಂಗ್ ಆದರೆ ಎ4 ಸ್ಕ್ಯಾನರಿನಲ್ಲಿ ಮೂರು ಭಾಗ ಮಾಡಿ, ನಡುವೆ ಎರಡು ಬೆರಳಷ್ಟು ಒಂದರ ಮೇಲೊಂದು ಬರುವಂತೆ ಸ್ಕ್ಯಾನ್ ಮಾಡಿ, ಚಿತ್ರ ತಿದ್ದುವ ಉಚಿತ ತಂತ್ರಾಂಶ ಜಿಂಪ್‌ನಲ್ಲಿ ಜೋಡಿಸಿ. ಹಾಳೆಯನ್ನು ಸರಿಸಿ, ತಿರುಗಿಸಬೇಡಿ. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ತಿರುಗಿಸಿದ ಭಾಗದಲ್ಲಿ ತರಿಯ ನೆರಳು ಉಲ್ಟಾ ಆಗಿ ಜೋಡಣೆ ಎದ್ದು ಕಾಣುತ್ತದೆ.

ಮುದ್ರಣಕ್ಕೆ ಫ್ಲೆಕ್ಸ್ ಅಂಗಡಿ ಬೇಡ. ತುಮಕೂರಾಗಲಿ ಕೋಲಾರವಾಗಲಿ, ಡಿಜಿಟಲ್ ಪ್ರೆಸ್‌ನಲ್ಲಿ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಮ್ಯಾಟ್ ಕಾಗದ ಕೇಳಿ. ಮೊದಲು ಒಂದು ಪಟ್ಟಿ ಮಾತ್ರ ತೆಗೆಸಿ ನೋಡಿ: ಸ್ಕ್ರೀನಿನಲ್ಲಿ ಹೊಳೆಯುವ ನೀಲಿ, ಗಿಳಿಹಸಿರು, ಕಿತ್ತಳೆ ನಾಲ್ಕು ಬಣ್ಣದ ಇಂಕಿನಲ್ಲಿ ಮಂಕಾಗುವುದು ಖಂಡಿತ. ಶೀರ್ಷಿಕೆಯನ್ನು ಯೂನಿಕೋಡ್‌ನಲ್ಲೇ ಟೈಪಿಸಿ, ಆದರೆ ಪ್ರೆಸ್‌ಗೆ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಗಳ ಆಕಾರಕ್ಕೆ ಬದಲಿಸಿ ಕೊಡಿ. ಇಲ್ಲದಿದ್ದರೆ ಅವರ ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಬಹುದು. ಕನ್ನಡ ಟೈಪಿಸುವ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಇನ್‌ಸ್ಟಾಗ್ರಾಂಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿಂದಿ ಬರುತ್ತದೆ.

ಪ್ರೆಸ್‌ಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಎಂದರೆ ಅದು ಕುಗ್ಗಿಸಿಬಿಡುತ್ತದೆ. ಮೂಲ ಫೈಲನ್ನು ಗುಣಮಟ್ಟ ಕಳೆಯದ ಟಿಫ್ ಆಗಿ ಎರಡು ಕಡೆ ಇಟ್ಟುಕೊಳ್ಳಿ. ಜನರಿಗೆ ಹಂಚಲು ಫೋನು, ವೆಬ್‌ಗಳಲ್ಲಿ ಬಳಸುವ ಎಸ್‌ಆರ್‌ಜಿಬಿ ಬಣ್ಣದಲ್ಲಿ 1080×1350ರ ಜೆಪೆಗ್ ಸಾಕು. ಕದ್ದು ಅಚ್ಚು ಹಾಕಲು ಹೊರಟವನಿಗೆ 300 ಡಿಪಿಐನಲ್ಲಿ ಅದರಿಂದ ದಕ್ಕುವುದು ಮೂರೂವರೆ ಅಂಗುಲ ಅಗಲದ ಚಿತ್ರ ಅಷ್ಟೆ.