ಬಚ್ಚಲೊಲೆಯ ಮುಂದಿನ ನಾಯಿ

ನಮ್ಮ ಹಿಂದಿನ ನಾಯಿ ಕರಿಯನನ್ನು ಚಿರತೆ ಒಯ್ದದ್ದು ಕಟ್ಟಿದ ಜಾಗದಿಂದಲೇ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಮೂಲೆಯಲ್ಲಿ ಸರಪಳಿ, ಅದರ ತುದಿಗೆ ಹರಿದ ಕೊರಳಪಟ್ಟಿ. ಶಿರಸಿ ಕಡೆಯ ಒಂಟಿ ಮನೆಗಳಿಗೆ ಇದು ಹೊಸದಲ್ಲ. ಒಂದು ಹೋಗುತ್ತದೆ, ಇನ್ನೊಂದು ಮರಿ ಬರುತ್ತದೆ. ಆದರೆ ಆ ಸರಪಳಿಯನ್ನು ಎತ್ತಿಡಲು ನನಗೆ ವಾರ ಹಿಡಿಯಿತು. ಕರಿಯ ಏಳು ವರ್ಷ ಹಗಲೆಲ್ಲ ಅದರಲ್ಲೇ ಕಳೆದಿದ್ದ. ಬಂದವರ ಮೇಲೆಲ್ಲ ಹಾರುತ್ತಿದ್ದ, ಒಮ್ಮೆ ಅಡಿಕೆ ಕೊನೆ ಕೊಯ್ಯಲು ಬಂದವರ ಮೀನಖಂಡಕ್ಕೇ ಬಾಯಿ ಹಾಕಿದ್ದ. ‘ಜೋರು ನಾಯಿ’ ಎಂದು ನಾವು ಬೀಗುತ್ತಿದ್ದೆವು. ಅದರಲ್ಲಿ ಮುಕ್ಕಾಲು ಪಾಲು ಹೆದರಿಕೆ ಎಂದು ನನಗೆ ಹೊಳೆದಾಗ ಅವನಿರಲಿಲ್ಲ.

ಮುಂದಿನ ಮರಿ ಚುಕ್ಕಿ, ಪಕ್ಕದ ಊರಿನ ಕೊಟ್ಟಿಗೆಯಲ್ಲಿ ಹುಟ್ಟಿದ ನಾಡುನಾಯಿ. ತಿಂಗಳು ತುಂಬುವ ಮೊದಲೇ ಒಯ್ಯಿರಿ ಎಂದರು. ಎರಡು ತಿಂಗಳು ತಾಯಿಯ ಬಳಿಯೇ ಇರಲಿ ಎಂದು ನಾನು ಹಟ ಹಿಡಿದೆ. ಎಷ್ಟು ಬಲವಾಗಿ ಕಚ್ಚಿದರೆ ಆಟ ಕೆಡುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಕಚ್ಚಾಡಿಯೇ.

ಮೊದಲ ತಕರಾರು ಮಲಗುವ ಜಾಗದ್ದು. ರಾತ್ರಿ ಅಂಗಳದಲ್ಲಿ ಬಿಡುವುದಿಲ್ಲ ಎಂದೆ. “ನಾಯಿ ಜಗಲಿ ಹತ್ತಿದರೆ ನಾನು ಇಳಿಯುತ್ತೇನೆ” ಎಂದಳು ಆಯಿ. ಕಡೆಗೆ ಬಚ್ಚಲುಮನೆ ಎಂದು ರಾಜಿಯಾಯಿತು: ಬೇರೆ ಬಾಗಿಲು, ಗಟ್ಟಿ ಅಗುಳಿ, ಬೆಳಗಿನವರೆಗೂ ಒಲೆಯ ಕಾವು. ಮೊಟ್ಟೆಯ ಜಗಳವೂ ಅಲ್ಲಿಯೇ ಮುಗಿಯಿತು. ಬೆಳೆಯುವ ಮರಿಗೆ ಬರೀ ಮಜ್ಜಿಗೆ ಅನ್ನ ಸಾಲದು ಎಂದು ಪಶುವೈದ್ಯರು ಹೇಳಿದ್ದರು. ಮೊಟ್ಟೆ ಬೇಯಿಸುವ ತಂಬಿಗೆ ಇಂದಿಗೂ ಬಚ್ಚಲೊಲೆ ದಾಟಿ ಒಳಗೆ ಬಂದಿಲ್ಲ.

ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಕಂಡದ್ದು ಕೇಳಿದ್ದನ್ನೆಲ್ಲ ಮರಿ ಸಹಜವೆಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಹೊಸದೆಲ್ಲ ಅನುಮಾನ. ನನ್ನ ಕೈಯಲ್ಲಿ ಉಳಿದದ್ದು ಒಂದೂವರೆ ತಿಂಗಳು, ಅದರಲ್ಲೂ ಮರಿಗಳ ಜೀವಕ್ಕೇ ಎರವಾಗುವ ಪಾರ್ವೋ ಎಂಬ ವಾಂತಿಭೇದಿ ರೋಗದ ಲಸಿಕೆಯ ಸುತ್ತುಗಳು ಮುಗಿಯದೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಇಳಿಸುವಂತಿಲ್ಲ. ಹಾಗಾಗಿ ಹೆಗಲ ಚೀಲದಲ್ಲಿ ಕೂರಿಸಿಕೊಂಡು ಶಿರಸಿ ಪೇಟೆ ಸುತ್ತಿದೆ. ಬಸ್ ನಿಲ್ದಾಣ, ಹೆಲ್ಮೆಟ್ ಹಾಕಿದವರು, ಕೊಡೆ ಬಿಚ್ಚುವವರು, ಕಿರುಚುವ ಶಾಲೆ ಮಕ್ಕಳು. ಒಂದೊಂದಕ್ಕೂ ಉಗುರಿನಷ್ಟು ಕೊಬ್ಬರಿ ಚೂರು. ಜನ ನಕ್ಕರು, ನಗಲಿ.

ಕೊಬ್ಬರಿಯೇ ನನ್ನ ಬಂಡವಾಳ. “ಚುಕ್ಕಿ, ಬಾ” ಎಂದಾಗ ಬಂದರೆ ಕೊಬ್ಬರಿ, ಬಾರದಿದ್ದರೆ ಬೈಗುಳವಿಲ್ಲ. ಬಯ್ಯಲು, ಮೀಯಿಸಲು, ಕಟ್ಟಲು ಎಂದೂ ಕರೆಯಬಾರದು. ಆಗ ನಾವೇ ಎದ್ದು ಹೋಗಬೇಕು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಅಡಿಕೆ ಒಣಗಿಸುವ ದಿನಗಳಲ್ಲಿ ಅವಳು ಅಂಗಳದ ಅಡಿಕೆಯನ್ನು ಚೆಲ್ಲಾಡಿ, ಒಂದಷ್ಟು ಜಗಿದೂ ಬಿಟ್ಟಳು. ಅಪ್ಪ ಪ್ರೀತಿಯಿಂದಲೇ ಎಂಬಂತೆ ಕರೆದು, ಬಂದವಳಿಗೆ ಬರಲಿನಿಂದ ಎರಡು ಬಿಗಿದ. ಅಷ್ಟರಲ್ಲಿ ಜೊಲ್ಲು ಸುರಿಯತೊಡಗಿ, ವಾಂತಿಯೂ ಆಗಿ, ಆಸ್ಪತ್ರೆಗೆ ಓಡಿದೆವು. ಅಡಿಕೆಯಲ್ಲಿರುವ ಅರೆಕೋಲಿನ್ ನಾಯಿಗೆ ವಿಷ. ಹಿಂದೆ ಲಾಡಿಹುಳು ಕೆಡವಲು ಅದನ್ನೇ ನಾಯಿಗಳಿಗೆ ಕೊಡುತ್ತಿದ್ದರಂತೆ, ನಮ್ಮ ಬೆಳೆಯ ಈ ಗುಣ ನನಗೆ ಗೊತ್ತಿರಲಿಲ್ಲ. ಹೊಟ್ಟೆ ಎರಡು ದಿನಕ್ಕೆ ಸರಿಹೋಯಿತು. ಅಪ್ಪ ಕರೆದರೆ ಅವಳು ಮತ್ತೆ ಹೋದದ್ದು ಎರಡು ತಿಂಗಳ ಮೇಲೆ.

ಮೈಮೇಲೆ ಹಾರುವುದನ್ನು ಬಿಡಿಸಲು ಬೆನ್ನು ತಿರುಗಿಸಿ ನಿಂತರಾಯಿತು. ನಾಲ್ಕೂ ಕಾಲು ನೆಲದಲ್ಲಿದ್ದರೆ ಮಾತ್ರ ತಲೆ ನೇವರಿಸುವುದು. ನಾಯಿಗೆ ಅರ್ಥವಾಗಲು ವಾರ ಸಾಕಾಯಿತು. ನೆಂಟರಿಗೆ ಇನ್ನೂ ಅರ್ಥವಾಗಿಲ್ಲ. “ಇರಲಿ ಬಿಡು, ಮರಿ” ಎಂದು ಮುದ್ದಾಡುವವರು ಅವರೇ, ಪಂಚೆ ಕೆಸರಾಯಿತೆಂದು ಮುಖ ಗಂಟಿಕ್ಕುವವರೂ ಅವರೇ.

ಮಂಗ ಓಡಿಸಲು ಸುತ್ತಲಿನ ತೋಟಗಳಲ್ಲಿ ಗರ್ನಾಲು ಹೊಡೆಯುತ್ತಾರೆ. ದೂರದ ಸದ್ದು ಕೇಳಿದ ಕೂಡಲೇ ಕೊಬ್ಬರಿ ಕೊಡುತ್ತ ಬಂದೆ; ಈಗ ಸದ್ದಾದರೆ ನನ್ನ ಕೈ ನೋಡುತ್ತಾಳೆ. ದೊಡ್ಡಹಬ್ಬದ ಪಟಾಕಿಗೆ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಆ ಮೂರು ರಾತ್ರಿ ಬಚ್ಚಲಿನ ಕಟ್ಟಿಗೆ ರಾಶಿಯ ಹಿಂದೆ ಸೇರಿಕೊಳ್ಳುತ್ತಾಳೆ, ನಾನು ಹೊರಗೆಳೆಯುವುದಿಲ್ಲ.

ಸಂಜೆ ಒಲೆಯ ಮುಂದೆ ಕೂತು ಕಿವಿ, ಬೆರಳ ಸಂದು, ಬಾಲದ ಬುಡ ತಡಕಿ ಉಣುಗು ಹೆಕ್ಕುವುದು ನನ್ನ ಪಾಲಿನ ಕೆಲಸ. ಪಕ್ಕದ ಸಿದ್ದಾಪುರ ತಾಲೂಕು ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಂಡ ಸೀಮೆ, ಕಾಡಿನ ಉಣುಗೆಂದರೆ ನಮಗೆ ಸಸಾರವಲ್ಲ. ಚಿಮುಟದಿಂದ ಬುಡದಲ್ಲಿ ಹಿಡಿದು ನೇರಕ್ಕೆ ಎಳೆಯುತ್ತೇನೆ, ಬರಿಗೈಯಲ್ಲಿ ಹಿಸುಕುವುದಿಲ್ಲ. ಮರಿಯಿದ್ದಾಗಿನಿಂದ ಹೀಗೆ ಮೈ ಮುಟ್ಟಿಸಿಕೊಂಡು ರೂಢಿಯಾಗಿ, ವರ್ಷದ ರೇಬಿಸ್ ಚುಚ್ಚುಮದ್ದಿಗೆ ಅವಳ ಬಾಯಿ ಕಟ್ಟಬೇಕಾಗಿಲ್ಲ.

ಈ ಸಲ ಕೊನೆ ಕೊಯ್ಯಲು ಬಂದವರು ದಣಪೆಯ ಆಚೆಯೇ ನಿಂತು, “ಹೆಗಡೇರೇ, ನಾಯಿ ಕಟ್ಟಿದ್ದೀರಾ?” ಎಂದು ಕೂಗಿದರು. ಚುಕ್ಕಿ ಎರಡು ಸಲ ಬೊಗಳಿದಳು. “ಸಾಕು” ಎಂದೆ. ಬಂದು ನನ್ನ ಕಾಲ ಬಳಿ ಕೂತಳು. ಅವರು ಮೀನಖಂಡ ಮರೆಸಿಕೊಂಡು ಅಡ್ಡಡ್ಡ ನಡೆಯುತ್ತ ಅಂಗಳ ದಾಟಿದರು. ಅಪ್ಪನಿಗೆ ಸಮಾಧಾನವಿಲ್ಲ. “ಇದು ನಾಯಿಯೋ, ಕರುವೋ?” ಎಂದು ಒಳಗೆ ಹೋದ.